ಅಸ್ತರ ಇರುವ ಗಟ್ಟಿ ಬಟ್ಟೆ ಚೀಲ ಮನೆಯಲ್ಲೇ ಹೊಲಿಯುವುದು ಹೇಗೆ? ಸಮಗ್ರ ಮಾರ್ಗದರ್ಶಿ

ಬಟ್ಟೆ ಚೀಲದಲ್ಲಿ ಮೊದಲು ಕೈಕೊಡುವುದು ಹಿಡಿಕೆಯ ಬುಡ. ಆಮೇಲೆ ತಳದ ಮೂಲೆ. ನಡುವಿನ ಬಟ್ಟೆ ಮಾತ್ರ ವರ್ಷಗಟ್ಟಲೆ ಚೆನ್ನಾಗಿಯೇ ಇರುತ್ತದೆ. ಮದುವೆ ಮನೆಯಲ್ಲಿ ಕೊಡುವ ಒಂದು ಚೀಲವನ್ನು ಉಲ್ಟಾ ಮಾಡಿ ನೋಡಿ. ಹಿಡಿಕೆಯ ತುದಿಯನ್ನು ಅರ್ಧ ಇಂಚು ಒಳಗೆ ಸಿಕ್ಕಿಸಿ, ಮೇಲೆ ಒಂದೇ ಹೊಲಿಗೆ ಓಡಿಸಿರುತ್ತಾರೆ. ಎರಡು ಕೆಜಿ ಉಳ್ಳಾಗಡ್ಡಿ, ಒಂದು ಕೆಜಿ ಬದನೆಕಾಯಿ, ಮೇಲೊಂದು ಕುಂಬಳಕಾಯಿ ಹೋಳು ಬಿದ್ದರೆ ಆ ಹೊಲಿಗೆ ಎಷ್ಟು ದಿನ ತಾಳೀತು?

ಇಲ್ಲಿ ಹೇಳುವ ಚೀಲ ಸಂತೆಗೆ ಒಯ್ಯಲಿಕ್ಕೆ, ಲೈಬ್ರರಿಗೆ ಒಯ್ಯಲಿಕ್ಕೆ, ಬಸ್ಸಿನಲ್ಲಿ ಹುಬ್ಬಳ್ಳಿ-ಧಾರವಾಡ ಓಡಾಡುವವರು ಹೆಗಲಿಗೆ ಹಾಕಿಕೊಳ್ಳಲಿಕ್ಕೆ. ಹೊಲಿದು ಮುಗಿದ ಮೇಲೆ ಅಗಲ 13 ಇಂಚು, ಎತ್ತರ 15 ಇಂಚು, ತಳದ ದಪ್ಪ 4 ಇಂಚು ಇರುತ್ತದೆ. ಒಳಗೆ ಪೂರ್ತಿ ಅಸ್ತರ, ಮೊಬೈಲ್ ಹಿಡಿಸುವ ಒಂದು ಜೇಬು. ಜಾಕೀಟು (ರವಿಕೆ) ಹೊಲಿಯಲು ಬರದಿದ್ದರೂ ಪರವಾಗಿಲ್ಲ. ನೇರ ಹೊಲಿಗೆ ಹಾಕಲು ಬಂದರೆ ಸಾಕು.

ಅಸ್ತರ ಯಾಕೆ ಬೇಕು ಅಂತ ಕೆಲವರು ಕೇಳುತ್ತಾರೆ. ಅಸ್ತರ ಇಲ್ಲದ ಚೀಲದಲ್ಲಿ ಬಟ್ಟೆಯ ಕತ್ತರಿಸಿದ ಅಂಚು ಒಳಗೆ ಬಯಲಾಗಿ ಇರುತ್ತದೆ. ಪ್ರತಿ ಸಲ ಒಗೆದಾಗ ಒಂದಷ್ಟು ಎಳೆ ಬಿಚ್ಚುತ್ತದೆ, ಕೊನೆಗೆ ಹೊಲಿಗೆಯ ತನಕ ಬರುತ್ತದೆ. ಅಸ್ತರ ಇದ್ದರೆ ಎಲ್ಲ ಅಂಚುಗಳೂ ಎರಡು ಬಟ್ಟೆಯ ನಡುವೆ ಮುಚ್ಚಿಹೋಗುತ್ತವೆ. ಭಾರವನ್ನೂ ಎರಡು ಬಟ್ಟೆ ಸೇರಿ ಹೊರುತ್ತವೆ.

ಯಾವ ಬಟ್ಟೆ ತರಬೇಕು

ಹೊರಗಿನ ಬಟ್ಟೆಗೆ ನನ್ನ ಮೊದಲ ಆಯ್ಕೆ ದಪ್ಪ ಖಾದಿ. ನಮ್ಮ ಕಡೆ ಅದಕ್ಕೆ ದೂರ ಹೋಗಬೇಕಾಗಿಲ್ಲ. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಶುರುವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇದೆ. ರಾಷ್ಟ್ರಧ್ವಜ ತಯಾರಾಗುವ ಜಾಗ ಅದು. ಅಂಗಿಗೆ ಕೊಳ್ಳುವ ತೆಳು ಖಾದಿ ಚೀಲಕ್ಕೆ ಬೇಡ. ಎರಡು ಬೆರಳ ನಡುವೆ ಹಿಡಿದು ಬೆಳಕಿಗೆ ಒಡ್ಡಿ ನೋಡಿ. ಬೆರಳಿನ ನೆರಳು ಸ್ಪಷ್ಟವಾಗಿ ಕಾಣುವಷ್ಟು ತೆಳುವಾಗಿದ್ದರೆ ಬಿಡಿ. ಖಾದಿ ಸಿಗದಿದ್ದರೆ ಕಾಟನ್ ಕ್ಯಾನ್ವಾಸ್, ಡ್ರಿಲ್, ದಪ್ಪ ಕೈಮಗ್ಗದ ಬಟ್ಟೆ, ಹಳೆಯ ಜೀನ್ಸ್ ಯಾವುದಾದರೂ ನಡೆಯುತ್ತದೆ. ಹುಬ್ಬಳ್ಳಿಯ ದುರ್ಗದಬೈಲ್, ಧಾರವಾಡದ ಸುಭಾಸ ರಸ್ತೆಯಂಥ ಕಡೆ ಸುತ್ತಿದರೆ ಬಟ್ಟೆ, ದಾರ, ಕ್ಯಾನ್ವಾಸ್ ಎಲ್ಲ ಒಂದೇ ಸಂಜೆಗೆ ಸಿಗುತ್ತವೆ.

ಖಣದ ಚೀಲ ಈಗ ಎಲ್ಲರಿಗೂ ಇಷ್ಟ. ಗುಳೇದಗುಡ್ಡದ ಖಣ ನಿಜಕ್ಕೂ ಚೆಂದ, ಆದರೆ ಅದು ಜಾಕೀಟಿಗೆಂದು ನೇಯ್ದ ಬಟ್ಟೆ. ಒಂಟಿಯಾಗಿ ಭಾರ ಹೊರುವುದಿಲ್ಲ. ಖಣವೇ ಬೇಕೆಂದರೆ ಅದರ ಉಲ್ಟಾ ಬದಿಗೆ ಅಂಟು ಇರುವ ಕ್ಯಾನ್ವಾಸ್ ಇಸ್ತ್ರಿ ಮಾಡಿ ಅಂಟಿಸಿ, ಹಿಡಿಕೆಗಳನ್ನು ಮಾತ್ರ ಬೇರೆ ಗಟ್ಟಿ ಬಟ್ಟೆಯಲ್ಲಿ ಮಾಡಿ. ಖಣದ ಪನ್ನಾ, ಅಂದರೆ ಬಟ್ಟೆಯ ಅಗಲ, ಕಡಿಮೆ ಇರುತ್ತದೆ, ಕೊಳ್ಳುವಾಗಲೇ ಟೇಪು ಹಿಡಿದು ನೋಡಿ.

ಅಸ್ತರಕ್ಕೆ ಹೊಸ ಬಟ್ಟೆ ತರಲೇಬೇಕು ಅಂತಿಲ್ಲ. ಹಳೆಯ ಕಾಟನ್ ಇಳಕಲ್ ಸೀರೆಯ ಒಡಲು ಇದಕ್ಕೆ ಹೇಳಿ ಮಾಡಿಸಿದ್ದು. ಉಟ್ಟು ಒಗೆದು ಮೆತ್ತಗಾಗಿರುತ್ತದೆ, ಇನ್ನು ಕುಗ್ಗುವುದಿಲ್ಲ. ಕುಳಿತಾಗ ಮಡಚಿ ಸವೆದ ಭಾಗ ಮಾತ್ರ ಬಿಟ್ಟು ಕತ್ತರಿಸಿ. ಸೆರಗನ್ನು ಅಸ್ತರಕ್ಕೆ ಹಾಕಿ ಮುಚ್ಚಬೇಡಿ. ಸೆರಗಿನ ಆ ಟೋಪು ತೆನೆ ವಿನ್ಯಾಸದ ಕೆಂಪು-ಬಿಳಿ ಕಣ್ಣಿಗೆ ಕಾಣುವ ಕಡೆ, ಅಂದರೆ ಜೇಬಿಗೆ ಬಳಸಿ. ಅಸ್ತರದ ಬಣ್ಣದ ಬಗ್ಗೆ ಒಂದು ಮಾತು. ಕಪ್ಪು, ಕಡು ನೀಲಿ ಹಾಕಿದರೆ ಕೊಳೆ ಕಾಣುವುದಿಲ್ಲ ನಿಜ, ಆದರೆ ಚೀಲದ ತಳದಲ್ಲಿ ಬಿದ್ದ ಕೀಲಿಯೂ ಕಾಣುವುದಿಲ್ಲ. ತಿಳಿ ಬಣ್ಣವೇ ವಾಸಿ.

ಎಷ್ಟು ಬೇಕು? ಹೊರಗಿನ ಬಟ್ಟೆ 1 ಮೀಟರ್. ಪನ್ನಾ 36 ಇಂಚು ಇದ್ದರೂ 44 ಇದ್ದರೂ ಸಾಕಾಗುತ್ತದೆ. ಅಸ್ತರ 44 ಇಂಚು ಪನ್ನಾದ್ದಾದರೆ 60 ಸೆಂ.ಮೀ., 36ರದ್ದಾದರೆ 1 ಮೀಟರ್. ಜೊತೆಗೆ ಗಟ್ಟಿ ಪಾಲಿಯೆಸ್ಟರ್ ದಾರ, ಚಾಕ್, ಗುಂಡುಸೂಜಿ, ಟೇಪು, ಉದ್ದ ಸ್ಕೇಲು, ಚೂಪಾದ ಕತ್ತರಿ. ಪೂರ್ತಿ ಕಾಟನ್ ದಾರ ಜಾಕೀಟಿಗೆ ಚೆನ್ನ. ಭಾರ ಹೊರುವ ಚೀಲಕ್ಕೆ ಪಾಲಿಯೆಸ್ಟರ್ ಹೆಚ್ಚು ಬಾಳುತ್ತದೆ.

ಕತ್ತರಿ ಹಿಡಿಯುವ ಮೊದಲು ಒಗೆಯಿರಿ

ಇದನ್ನು ಬಿಡಬೇಡಿ. ಹೊಸ ಕಾಟನ್ ಮೊದಲ ಒಗೆತದಲ್ಲಿ ಕುಗ್ಗುತ್ತದೆ. ಖಾದಿ ಇನ್ನೂ ಜಾಸ್ತಿ. ಹೊರಗಿನ ಬಟ್ಟೆ ಒಂದು ಲೆಕ್ಕದಲ್ಲಿ ಕುಗ್ಗಿ ಅಸ್ತರ ಇನ್ನೊಂದು ಲೆಕ್ಕದಲ್ಲಿ ಕುಗ್ಗಿದರೆ, ಹೊಲಿದ ಚೀಲ ಒಂದೇ ಒಗೆತಕ್ಕೆ ಸುಕ್ಕುಗಟ್ಟುತ್ತದೆ. ಆಮೇಲೆ ಎಷ್ಟು ಇಸ್ತ್ರಿ ಮಾಡಿದರೂ ಸರಿಹೋಗುವುದಿಲ್ಲ.

ಎರಡೂ ಬಟ್ಟೆಗಳನ್ನು ಬೇರೆ ಬೇರೆ ಬಕೆಟ್‌ನಲ್ಲಿ ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಸೋಪಿನಲ್ಲಿ ಒಗೆಯಿರಿ. ಬಣ್ಣ ಬಿಡುತ್ತದೆಯೇ ಅಂತ ಆಗಲೇ ಗೊತ್ತಾಗುತ್ತದೆ. ಕೆಂಪು, ಕಡು ಹಸಿರು ಇದ್ದರೆ ಇನ್ನೊಂದು ಪರೀಕ್ಷೆ ಮಾಡಿ. ಬಿಳಿ ಬಟ್ಟೆಯ ತುಂಡನ್ನು ಒದ್ದೆ ಮಾಡಿ ಅದರ ಮೇಲಿಟ್ಟು ಬಿಸಿ ಇಸ್ತ್ರಿ ಪೆಟ್ಟಿಗೆ ಒತ್ತಿ. ಬಿಳಿ ತುಂಡಿಗೆ ಬಣ್ಣ ಹತ್ತಿದರೆ ಮತ್ತೆ ಒಗೆಯಿರಿ. ನೀರು ತಿಳಿಯಾಗುವವರೆಗೂ ಆ ಬಟ್ಟೆಯನ್ನು ತಿಳಿ ಅಸ್ತರದ ಜೊತೆ ಸೇರಿಸಬೇಡಿ.

ಧಾರವಾಡದ ಜಿಟಿಜಿಟಿ ಮಳೆಯ ದಿನಗಳಲ್ಲಿ ದಪ್ಪ ಬಟ್ಟೆ ಒಣಗಲು ಎರಡು ಮೂರು ದಿನವೇ ಹಿಡಿಯಬಹುದು. ಅವಸರ ಮಾಡಬೇಡಿ. ಸ್ವಲ್ಪ ತೇವ ಇದ್ದಾಗಲೇ ಇಸ್ತ್ರಿ ಮಾಡಿದರೆ ಸುಕ್ಕು ಚೆನ್ನಾಗಿ ಬಿಡುತ್ತದೆ, ಆದರೆ ಕತ್ತರಿಸುವುದು ಪೂರ್ತಿ ಒಣಗಿದ ಮೇಲೆಯೇ.

ಇಸ್ತ್ರಿ ಮಾಡುವಾಗ ಬಟ್ಟೆಯ ಎಳೆ ನೇರ ಇದೆಯೇ ನೋಡಿ. ಅಡ್ಡ ಎಳೆ ಓರೆಯಾಗಿದ್ದರೆ ಎದುರುಬದುರು ಮೂಲೆ ಹಿಡಿದು ಇಬ್ಬರು ಎಳೆಯಿರಿ. ಓರೆ ಎಳೆಯಲ್ಲಿ ಕತ್ತರಿಸಿದ ಚೀಲ, ಭಾರ ಬಿದ್ದ ಮೇಲೆ ಒಂದು ಕಡೆ ತಿರುಚಿಕೊಂಡು ನೇತಾಡುತ್ತದೆ.

ಅಳತೆ ಮತ್ತು ಕತ್ತರಿಸುವುದು

ಎಲ್ಲ ಕಡೆ ಹೊಲಿಗೆಯ ಮಾರ್ಜಿನ್ ಅರ್ಧ ಇಂಚು. ಅದು ಈ ಅಳತೆಗಳಲ್ಲೇ ಸೇರಿದೆ.

- ಹೊರಗಿನ ಬಟ್ಟೆ: 18 × 18 ಇಂಚಿನ 2 ತುಂಡು
- ಅಸ್ತರ: 18 × 18 ಇಂಚಿನ 2 ತುಂಡು
- ಹಿಡಿಕೆ: 4 × 30 ಇಂಚಿನ 2 ಪಟ್ಟಿ, ಹೊರಗಿನ ಬಟ್ಟೆಯಲ್ಲೇ
- ಜೇಬು: 9 × 15 ಇಂಚಿನ 1 ತುಂಡು
- ಹಿಡಿಕೆಯ ಬುಡಕ್ಕೆ ತ್ಯಾಪೆ: 3 × 3 ಇಂಚಿನ 4 ತುಂಡು

ಮೊದಲು ಹಿಡಿಕೆಯ ಪಟ್ಟಿಗಳನ್ನು ಕತ್ತರಿಸಿ, ಅದೂ ಕಿನಾರಿಗೆ (ಬಟ್ಟೆಯ ನೇಯ್ದ ಅಂಚಿಗೆ) ಸಮನಾಗಿ ಉದ್ದಕ್ಕೆ. ಬಟ್ಟೆಯ ಉದ್ದದ ಎಳೆ ಅಡ್ಡ ಎಳೆಗಿಂತ ಕಡಿಮೆ ಹಿಗ್ಗುತ್ತದೆ. ಹಿಡಿಕೆ ಹಿಗ್ಗಿದರೆ ಚೀಲ ಮೊಣಕಾಲಿಗೆ ಬಡಿಯಲು ಶುರುವಾಗುತ್ತದೆ. ಪಟ್ಟಿಗಳು ಹೋದ ಮೇಲೆ ಉಳಿದ ಬಟ್ಟೆಯಲ್ಲಿ 18ರ ಎರಡು ಚೌಕಗಳನ್ನು ಒಂದರ ಕೆಳಗೊಂದು ಗುರುತಿಸಿ. ಪನ್ನಾ 44 ಇದ್ದರೆ ಪಕ್ಕದಲ್ಲಿ ಉಳಿಯುವ ಉದ್ದನೆಯ ತುಂಡಿನಲ್ಲಿ ಜೇಬು, ತ್ಯಾಪೆ ಎರಡೂ ಆಗುತ್ತವೆ. ಕಿನಾರಿಯನ್ನು ಮಾತ್ರ ತೆಗೆದುಬಿಡಿ, ಅದರ ಬಿಗಿ ಬೇರೆ ಇರುತ್ತದೆ.

ಇನ್ನು ತಳದ ಮೂಲೆ. ನಾಲ್ಕೂ ಚೌಕಗಳ, ಅಂದರೆ ಹೊರಗಿನ ಎರಡು ಮತ್ತು ಅಸ್ತರದ ಎರಡರ, ಕೆಳಗಿನ ಎರಡೂ ಮೂಲೆಯಲ್ಲಿ ಎರಡು ಇಂಚಿನ ಚಿಕ್ಕ ಚೌಕ ಗುರುತಿಸಿ ಕತ್ತರಿಸಿ ತೆಗೆಯಿರಿ. ಈ ಎರಡು ಇಂಚು ಎಲ್ಲಿಂದ ಬಂತು ಅಂತ ತಿಳಿದರೆ ಮುಂದೆ ನಿಮ್ಮಿಷ್ಟದ ಅಳತೆಯ ಚೀಲ ಹೊಲಿಯಬಹುದು. ತಳ ಎಷ್ಟು ದಪ್ಪ ಬೇಕೋ ಅದರ ಅರ್ಧ. ನಮಗೆ 4 ಇಂಚಿನ ತಳ ಬೇಕು. ಅದರ ಅರ್ಧ 2. 6 ಇಂಚಿನ ತಳ ಬೇಕಾದರೆ ಮೂರು. ತಳ ದಪ್ಪ ಆದಷ್ಟೂ ಅಗಲ ಮತ್ತು ಎತ್ತರ ಕಡಿಮೆಯಾಗುತ್ತವೆ, ಅದಕ್ಕೆ ತಕ್ಕಂತೆ ದೊಡ್ಡ ಚೌಕ ಕತ್ತರಿಸಿ.

ಕಸೂತಿ ಹಾಕುವವರು ಈಗಲೇ, ಚೀಲ ಸೇರಿಸುವ ಮೊದಲೇ ಹಾಕಬೇಕು. ಇನ್ನೂ ಒಳ್ಳೆಯದೆಂದರೆ ಚೌಕ ಗುರುತಿಸಿ, ಕತ್ತರಿಸುವ ಮೊದಲು ಹಾಕುವುದು. ಇಲ್ಲದಿದ್ದರೆ ಕೈಯಾಡಿಸಿ ಆಡಿಸಿ ಅಂಚು ಬಿಚ್ಚಿಕೊಳ್ಳುತ್ತದೆ. ಎಳೆ ಎಣಿಸಿ ಹಾಕುವ ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಈ ನಾಲ್ಕೂ ಬಗೆಯ ಕಸೂತಿ ಹೊಲಿಗೆಗೆ ಖಾದಿ ಒಳ್ಳೆಯ ನೆಲ, ಎಳೆಗಳು ಕಣ್ಣಿಗೆ ಕಾಣುತ್ತವೆ. ಜಾಗ ಲೆಕ್ಕ ಹಾಕಿ ಆರಿಸಿ. 18 ಇಂಚಿನ ಚೌಕದ ಎರಡೂ ಪಕ್ಕ ಮತ್ತು ಕೆಳಗಿನ ಭಾಗ ಚೀಲದ ಬದಿಗೂ ತಳಕ್ಕೂ ಹೋಗಿಬಿಡುತ್ತವೆ. ಮುಂದೆ ಕಾಣುವ ಭಾಗದ ನಡು ಬರುವುದು ಮೇಲಿನ ಅಂಚಿನಿಂದ 8 ಇಂಚು ಕೆಳಗೆ. ಗೋಪುರವೋ ತೇರೋ ಆನೆಯೋ, ಅದರ ನಡು ಅಲ್ಲಿಗೆ ಬರಲಿ. ಚೌಕದ ನಟ್ಟನಡುವೆ ಹಾಕಿದರೆ ಚೀಲದಲ್ಲಿ ಕೆಳಗೆ ಜಾರಿದಂತೆ ಕಾಣುತ್ತದೆ.

ಮಷಿನ್ ಸಿದ್ಧ ಮಾಡುವುದು

ಎಣ್ಣೆ ಬಿಟ್ಟಿದ್ದರೆ ಬೇರೆ ತುಂಡಿನ ಮೇಲೆ ಸ್ವಲ್ಪ ಹೊತ್ತು ಹೊಲಿದು ಎಣ್ಣೆ ಕಲೆ ಬೀಳುವುದಿಲ್ಲ ಅಂತ ಖಚಿತ ಮಾಡಿಕೊಳ್ಳಿ. ಸೂಜಿ 16ನೇ ನಂಬರಿನದು, ಹೊಸದು. ಬಟ್ಟೆ ಅಷ್ಟೇನೂ ದಪ್ಪ ಇಲ್ಲದಿದ್ದರೆ 14 ಸಾಕು. ಟಾಕಾ, ಅಂದರೆ ಸೂಜಿ ಹಾಕುವ ಒಂದೊಂದು ಹೊಲಿಗೆ, ಇಂಚಿಗೆ ಸುಮಾರು 8ರಿಂದ 10 ಬರಲಿ. ಉಳಿದ ತುಂಡುಗಳನ್ನು ಆರು ಪದರ ಮಾಡಿ ಹೊಲಿದು ನೋಡಿ. ಕೆಳಗಿನ ದಾರ ಮೇಲೆ ಕಂಡರೆ ಮೇಲಿನ ಬಿಗಿ ಜಾಸ್ತಿ ಇದೆ, ಸಡಿಲ ಮಾಡಿ. ಕಾಲಲ್ಲಿ ತುಳಿಯುವ ಹಳೆಯ ಮಷಿನ್ ಮನೆಯಲ್ಲಿದ್ದರೆ ಅದನ್ನೇ ಬಳಸಿ. ದಪ್ಪ ಪದರದ ಮೇಲೆ ಅದು ಚಿಕ್ಕ ಕರೆಂಟ್ ಮಷಿನ್‌ಗಳಿಗಿಂತ ಚೆನ್ನಾಗಿ ಓಡುತ್ತದೆ.

ಮಷಿನ್ ಇಲ್ಲದವರು ಕೈಯಲ್ಲೂ ಹೊಲಿಯಬಹುದು. ಸುಮ್ನೆ ಮುಂದೆ ಮುಂದೆ ಹೋಗುವ ಟಾಕಾ ಬೇಡ. ಪ್ರತಿ ಟಾಕಾ ಹಾಕಿದ ಮೇಲೆ ಸೂಜಿಯನ್ನು ಹಿಂದಿನ ತೂತಿಗೇ ತಂದು ಮುಂದೆ ತೆಗೆಯಿರಿ. ಎರಡೆಳೆ ದಾರ ಹಾಕಿ. ನಾಲ್ಕೈದು ಸಂಜೆಯ ಕೆಲಸ.

ಹಿಡಿಕೆ

ಪಟ್ಟಿಯನ್ನು ಉದ್ದಕ್ಕೆ ಅರ್ಧ ಮಡಚಿ ಇಸ್ತ್ರಿ ಮಾಡಿ, ಬಿಚ್ಚಿ. ನಡುವೆ ಗೆರೆ ಮೂಡಿರುತ್ತದೆ. ಎರಡೂ ಉದ್ದನೆಯ ಅಂಚುಗಳನ್ನು ಆ ಗೆರೆಗೆ ತಂದು ಮಡಚಿ, ಮತ್ತೆ ಇಸ್ತ್ರಿ. ಈಗ ಗೆರೆಯ ಮೇಲೆ ಇನ್ನೊಮ್ಮೆ ಮಡಚಿದರೆ ನಾಲ್ಕು ಪದರದ ಒಂದು ಇಂಚಿನ ಪಟ್ಟಿ ಸಿದ್ಧ. ಎರಡೂ ಅಂಚಿಗೆ ಒಂದೊಂದು, ಒಳಗೆ ಇನ್ನೆರಡು, ಒಟ್ಟು ನಾಲ್ಕು ಸಾಲು ಹೊಲಿಗೆ ಹಾಕಿ. ಎಲ್ಲ ಸಾಲನ್ನೂ ಒಂದೇ ತುದಿಯಿಂದ ಶುರು ಮಾಡಿ. ಒಮ್ಮೆ ಆ ಕಡೆಯಿಂದ, ಒಮ್ಮೆ ಈ ಕಡೆಯಿಂದ ಹಾಕಿದರೆ ಪಟ್ಟಿ ತಿರುಚಿಕೊಳ್ಳುತ್ತದೆ. ಹೆಗಲಿಗೆ ಬೇಡ, ಕೈಯಲ್ಲಿ ಹಿಡಿದರೆ ಸಾಕು ಅನ್ನುವವರು 30ರ ಬದಲು 20 ಇಂಚು ಕತ್ತರಿಸಿ.

ಜೇಬು

9 × 15ರ ತುಂಡನ್ನು ಸೀದಾ ಬದಿ ಒಳಗಾಗುವಂತೆ ಮಡಚಿ 9 × 7.5 ಮಾಡಿ. ಮೂರು ಕಡೆ ಹೊಲಿಯಿರಿ, ಕೆಳಗೆ ಎರಡು ಇಂಚು ಬಿಡಿ. ಆ ಜಾಗದಿಂದ ಸೀದಾ ಮಾಡಿ ಇಸ್ತ್ರಿ ಹಾಕಿ. ಮಡಚಿದ ಅಂಚು ಜೇಬಿನ ಬಾಯಿ. ಅಸ್ತರದ ಒಂದು ತುಂಡಿನ ಸೀದಾ ಬದಿಯಲ್ಲಿ, ಮೇಲಿನ ಅಂಚಿನಿಂದ 4 ಇಂಚು ಕೆಳಗೆ ನಡುವೆ ಇಟ್ಟು ಎರಡು ಪಕ್ಕ ಮತ್ತು ಕೆಳಗೆ ಹೊಲಿಯಿರಿ. ಬಿಟ್ಟ ಎರಡು ಇಂಚೂ ಇದರಲ್ಲೇ ಮುಚ್ಚುತ್ತದೆ. ಬಾಯಿಯ ಎರಡು ತುದಿಯಲ್ಲಿ ಚಿಕ್ಕ ತ್ರಿಕೋನ ಹೊಲಿಯಿರಿ, ಕೈ ಹಾಕಿ ಎಳೆದಾಗ ಕಿತ್ತು ಬರುವುದು ಅಲ್ಲೇ.

ಹೊರಚೀಲ ಮತ್ತು ಅಸ್ತರ

ಮೊದಲು ತ್ಯಾಪೆಗಳು. ಹೊರಗಿನ ಪ್ರತಿ ಚೌಕದ ಉಲ್ಟಾ ಬದಿಯಲ್ಲಿ, ಮೇಲಿನ ಅಂಚಿಗೆ ಸರಿಯಾಗಿ, ಹಿಡಿಕೆ ಬರುವ ಎರಡು ಜಾಗದಲ್ಲಿ ಒಂದೊಂದು ಇಟ್ಟು ಸುತ್ತ ಕಚ್ಚಾ ಹೊಲಿಗೆ (ಜಾಗದಲ್ಲಿ ಹಿಡಿದಿಡುವ ಉದ್ದ ಟಾಕಾ) ಹಾಕಿ. ಹಿಡಿಕೆಯ ಜಾಗ ಹೀಗೆ: ಪಕ್ಕದ ಅಂಚಿನಿಂದ ಐದೂವರೆ ಇಂಚು ಬಿಟ್ಟು ಹಿಡಿಕೆಯ ಹೊರ ಅಂಚು. ಎರಡೂ ಕಡೆ ಹಾಗೆ ಗುರುತಿಸಿದರೆ ನಡುವೆ 5 ಇಂಚು ಉಳಿಯುತ್ತದೆ.

ಹೊರಗಿನ ಎರಡು ಚೌಕಗಳನ್ನು ಸೀದಾ ಬದಿ ಎದುರುಬದುರಾಗಿ ಇಟ್ಟು ಎರಡು ಪಕ್ಕ ಮತ್ತು ತಳ ಹೊಲಿಯಿರಿ. ಕತ್ತರಿಸಿದ ಮೂಲೆಗಳನ್ನು ಈಗ ಮುಟ್ಟಬೇಡಿ. ಮಾರ್ಜಿನ್ ಎರಡೂ ಕಡೆ ಬಿಡಿಸಿ ಇಸ್ತ್ರಿ ಮಾಡಿ. ಆಮೇಲೆ ಮೂಲೆಯ ತೂತಿನಲ್ಲಿ ಪಕ್ಕದ ಹೊಲಿಗೆಯನ್ನು ತಳದ ಹೊಲಿಗೆಯ ಮೇಲೆ ತಂದು ಕೂರಿಸಿ. ತೂತು ಚಪ್ಪಟೆಯಾಗಿ ಒಂದು ನೇರ ಗೆರೆಯಾಗುತ್ತದೆ. ಎರಡು ಹೊಲಿಗೆ ಒಂದರ ಮೇಲೊಂದು ಸರಿಯಾಗಿ ಕೂತಿವೆಯಾ ಅಂತ ಗುಂಡುಸೂಜಿ ಚುಚ್ಚಿ ನೋಡಿ, ಅರ್ಧ ಇಂಚು ಬಿಟ್ಟು ಹೊಲಿಯಿರಿ. ಭಾರ ಬೀಳುವ ಜಾಗ ಇದು, ಅದೇ ಗೆರೆಯ ಮೇಲೆ ಇನ್ನೊಮ್ಮೆ ಹೊಲಿಯಿರಿ.

ಅಸ್ತರವನ್ನೂ ಹೀಗೇ, ಎರಡು ವ್ಯತ್ಯಾಸದೊಂದಿಗೆ. ತಳದ ಹೊಲಿಗೆಯ ನಡುವೆ 6 ಇಂಚು ಹೊಲಿಯದೆ ಬಿಡಿ. ಚೀಲ ಪೂರ್ತಿ ಆ ಬಾಯಿಂದಲೇ ಹೊರಗೆ ಬರಬೇಕು, ಚಿಕ್ಕದಾದರೆ ದಪ್ಪ ಬಟ್ಟೆ ಸಿಕ್ಕಿಬೀಳುತ್ತದೆ. ಎರಡನೆಯದು, ಪಕ್ಕದ ಹೊಲಿಗೆಯನ್ನು ಮೇಲೆ ಅರ್ಧ ಇಂಚಿನಿಂದ ಶುರು ಮಾಡಿ ಕೆಳಗೆ ಬರುತ್ತಾ ಒಂದು ನೂಲಿನಷ್ಟು ಜಾಸ್ತಿ ಒಳಗೆ ತನ್ನಿ. ಹೊರಚೀಲಕ್ಕಿಂತ ಅಸ್ತರ ಕೂದಲೆಳೆಯಷ್ಟು ಚಿಕ್ಕದಿದ್ದರೆ ಒಳಗೆ ಜೋಲು ಬೀಳುವುದಿಲ್ಲ. ಮೇಲಿನ ಬಾಯಿ ಮಾತ್ರ ಎರಡಕ್ಕೂ ಒಂದೇ ಅಳತೆ ಇರಲೇಬೇಕು.

ಎರಡನ್ನೂ ಸೇರಿಸುವುದು

ಹೊರಚೀಲವನ್ನು ಸೀದಾ ಮಾಡಿ. ಹಿಡಿಕೆಯ ತುದಿಗಳನ್ನು ಗುರುತಿನ ಜಾಗದಲ್ಲಿ ಸೀದಾ ಬದಿಯ ಮೇಲೆ ಇಡಿ, ಹಿಡಿಕೆಯ ನಡುಭಾಗ ಕೆಳಕ್ಕೆ ನೇತಾಡಲಿ. ಇಲ್ಲಿದೆ ಈ ಚೀಲದ ಜೀವ: ತುದಿಯನ್ನು ಚೀಲದ ಅಂಚಿಗೆ ಸಮ ಇಡಬೇಡಿ. ಒಂದೂವರೆ ಇಂಚು ಅಂಚಿನಿಂದ ಮೇಲೆ ಚಾಚಿರಲಿ. ಚೀಲ ತಿರುಗಿಸಿದ ಮೇಲೆ ಆ ಬಾಲ ಹೊರಬಟ್ಟೆ ಮತ್ತು ಅಸ್ತರದ ನಡುವೆ ಎರಡು ಇಂಚು ಕೆಳಗೆ ಇಳಿದು ಕೂರುತ್ತದೆ. ಅದನ್ನು ಮೇಲಿಂದ ಚೌಕ ಹೊಲಿಗೆಯಲ್ಲಿ ಹಿಡಿದರೆ ಭಾರ ಒಂದು ಗೆರೆಯ ಮೇಲೆ ಬೀಳದೆ ಬಟ್ಟೆಯ ಮೇಲೆ ಹರಡುತ್ತದೆ. ಹಿಡಿಕೆ ತಿರುಚಿಲ್ಲ ಅಂತ ನೋಡಿ, ನಾಲ್ಕೂ ತುದಿಗೆ ಕಚ್ಚಾ ಹೊಲಿಗೆ ಹಾಕಿ.

ಅಸ್ತರ ಉಲ್ಟಾ ಇರಲಿ. ಹೊರಚೀಲವನ್ನು ಅದರೊಳಗೆ ಇಳಿಸಿ. ಈಗ ಎರಡರ ಸೀದಾ ಬದಿ ಒಂದಕ್ಕೊಂದು ತಾಗುತ್ತವೆ, ಹಿಡಿಕೆ ನಡುವೆ ಅಡಗಿದೆ, ನಾಲ್ಕು ಬಾಲ ಮಾತ್ರ ಮೇಲೆ ಇಣುಕುತ್ತಿವೆ. ಪಕ್ಕದ ಹೊಲಿಗೆಗಳನ್ನು ಮೊದಲು ಸೇರಿಸಿ ಪಿನ್ ಹಾಕಿ, ಆಮೇಲೆ ಉಳಿದದ್ದು. ಬಾಯಿಯ ಸುತ್ತ ಅರ್ಧ ಇಂಚು ಬಿಟ್ಟು ಹೊಲಿಯಿರಿ. ಹಿಡಿಕೆ ಬಂದಲ್ಲಿ ಚಕ್ರವನ್ನು ಕೈಯಿಂದಲೇ ತಿರುಗಿಸಿ, ಅಲ್ಲಿ ಹಿಂದೆ ಮುಂದೆ ಮೂರು ಸಲ ಹೋಗಿ. ಮಷಿನ್ ಪಾದ ದಪ್ಪ ಜಾಗ ಹತ್ತಲು ತಡವರಿಸಿದರೆ ಪಾದದ ಹಿಂಭಾಗದ ಕೆಳಗೆ ಮಡಚಿದ ಬಟ್ಟೆ ತುಂಡು ಇಡಿ. ಪಾದ ಸಮ ಆಗುತ್ತದೆ, ಸೂಜಿ ಮುರಿಯುವುದಿಲ್ಲ.

ಅಸ್ತರದ ತಳದ ಬಾಯಿಂದ ಕೈ ಹಾಕಿ ಹೊರಚೀಲವನ್ನು ನಿಧಾನವಾಗಿ ಎಳೆಯಿರಿ. ಪೂರ್ತಿ ಬಂದ ಮೇಲೆ ಅಸ್ತರವನ್ನು ಒಳಗೆ ತಳ್ಳಿ. ಬಾಯಿಯ ಅಂಚನ್ನು ಬೆರಳಿಂದ ಉಜ್ಜಿ, ಅಸ್ತರ ಹೊರಗೆ ಇಣುಕದಂತೆ ಸ್ವಲ್ಪ ಒಳಸರಿಸಿ ಇಸ್ತ್ರಿ ಮಾಡಿ. ತಳದ ಬಾಯಿ ಮುಚ್ಚುವ ಮೊದಲು ಮತ್ತೆ ಒಳಗೆ ಕೈ ಹಾಕಿ ನೋಡಿ. ನಾಲ್ಕೂ ಬಾಲಗಳು ಕೆಳಮುಖವಾಗಿ ನೇರ ಇರಬೇಕು, ತ್ಯಾಪೆ ಮಡಚಿರಬಾರದು.

ಬಾಯಿಯ ಸುತ್ತ ಕಾಲು ಇಂಚಿಗೆ ಒಂದು ಹೊಲಿಗೆ ಹಾಕಿ. ಆಮೇಲೆ ಪ್ರತಿ ಹಿಡಿಕೆಯ ಬುಡದಲ್ಲಿ ಚಾಕ್‌ನಿಂದ ಒಂದು ಇಂಚು ಅಗಲ, ಒಂದೂವರೆ ಇಂಚು ಎತ್ತರದ ಚೌಕಟ್ಟು ಎಳೆದು, ಗೆರೆಯ ಮೇಲೆ ಹೊಲಿದು, ಒಳಗೆ ಮೂಲೆಯಿಂದ ಮೂಲೆಗೆ ಅಡ್ಡ ಗುಣಾಕಾರದ ಗುರುತು ಹೊಲಿಯಿರಿ. ಹೊರಬಟ್ಟೆ, ತ್ಯಾಪೆ, ಬಾಲ, ಅಸ್ತರ ಎಲ್ಲವೂ ಇದರಲ್ಲಿ ಸೇರಬೇಕು. ದಾರವನ್ನು ಒಳಗೆ ಎಳೆದು ಗಂಟು ಹಾಕಿ.

ತಳದ ಬಾಯಿಯನ್ನು ಮಷಿನ್‌ನಲ್ಲಿ ಮುಚ್ಚುವುದಕ್ಕಿಂತ ಕೈಯಲ್ಲಿ ಚಿಕ್ಕ ಟಾಕಾ ಹಾಕಿ ಮುಚ್ಚುವುದು ಒಳ್ಳೆಯದು. ಕಾರಣ ಕೊನೆಗೆ ಹೇಳುತ್ತೇನೆ.

ಏನಾದರೂ ಸರಿ ಬರದಿದ್ದರೆ

ಬಾಯಿ ಸೇರಿಸುವಾಗ ಅಸ್ತರ ಜಾಸ್ತಿಯಾಗಿ ಉಳಿದರೆ ಮಡಿಕೆ ಹಾಕಿ ಹೊಂದಿಸಬೇಡಿ. ಅಸ್ತರದ ಪಕ್ಕದ ಹೊಲಿಗೆಯನ್ನು ಮೇಲ್ಗಡೆ ಸ್ವಲ್ಪ ಒಳಗೆ ಹಾಕಿ. ಚೀಲ ನಿಲ್ಲದೆ ಕುಸಿದರೆ ಬಟ್ಟೆ ತೆಳುವಾಯಿತು. ತಳಕ್ಕೆ ರಟ್ಟು ಇಡುವವರಿದ್ದಾರೆ, ಆದರೆ ಒಗೆಯುವಾಗ ಪ್ರತಿ ಸಲ ತೆಗೆಯಬೇಕು. ಅದರ ಬದಲು 4 × 13ರ ಎರಡು ಪದರದ ದಪ್ಪ ಬಟ್ಟೆಯನ್ನು, ತಳದ ಬಾಯಿ ಮುಚ್ಚುವ ಮೊದಲು, ಅಸ್ತರದ ಕೆಳಗೆ ತಳದ ಮಾರ್ಜಿನ್‌ಗಳಿಗೆ ಕೈಯಲ್ಲಿ ಹೊಲಿದರೆ ಒಳ್ಳೆಯದು.

ಬಳಸುವ ಮೊದಲು 5 ಕೆಜಿ ಜೋಳ ತುಂಬಿ ಒಂದು ರಾತ್ರಿ ಗೂಟಕ್ಕೆ ತೂಗುಹಾಕಿ. ಬೆಳಿಗ್ಗೆ ಹಿಡಿಕೆಯ ಬುಡದಲ್ಲಿ ಟಾಕಾಗಳ ನಡುವೆ ಸಂದು ಕಾಣದಿದ್ದರೆ ಚೀಲ ಗಟ್ಟಿ ಇದೆ. ಸಂದು ಕಂಡರೆ ಅಲ್ಲಿ ಇನ್ನೊಂದು ಸುತ್ತು ಹೊಲಿಗೆ ಬೇಕು.

ಒಗೆಯುವಾಗ ಚೀಲವನ್ನು ಉಲ್ಟಾ ಮಾಡಿ, ತಣ್ಣೀರಿನಲ್ಲಿ. ಬ್ಯಾಡಗಿ ಮೆಣಸಿನಪುಡಿ, ಅರಿಶಿನ ಚೆಲ್ಲಿದ್ದರೆ ಮೊದಲು ಒಣ ಬ್ರಶ್‌ನಿಂದ ಝಾಡಿಸಿ, ಆಮೇಲೆ ನೀರು. ಮೊದಲೇ ನೀರು ಹಾಕಿದರೆ ಬಣ್ಣ ಎಳೆಯೊಳಗೆ ಇಳಿಯುತ್ತದೆ. ಖಣದ ಚೀಲವನ್ನು ತಿಕ್ಕಿ ಒಗೆಯಬೇಡಿ, ನೆರಳಲ್ಲಿ ಒಣಗಿಸಿ.

ವರ್ಷಗಳ ಮೇಲೆ ಹಿಡಿಕೆ ಸವೆದಾಗ ಚೀಲ ಎಸೆಯಬೇಕಾಗಿಲ್ಲ. ಅಸ್ತರದ ತಳದಲ್ಲಿ ಕೈಯಲ್ಲಿ ಹಾಕಿದ ಆ 6 ಇಂಚಿನ ಟಾಕಾ ಬಿಚ್ಚಿ. ಚೌಕಟ್ಟಿನ ಹೊಲಿಗೆ, ಕಾಲು ಇಂಚಿನ ಹೊಲಿಗೆ ಮತ್ತು ಬಾಯಿಯ ಹೊಲಿಗೆಯನ್ನು ಹಿಡಿಕೆ ಇರುವಷ್ಟೇ ಜಾಗದಲ್ಲಿ ಬಿಚ್ಚಿದರೆ ಹಳೆಯ ಹಿಡಿಕೆ ಹೊರಬರುತ್ತದೆ. ಹೊಸ ಪಟ್ಟಿಯನ್ನು ಅದೇ ಸಂದಿನಲ್ಲಿ ಎರಡು ಇಂಚು ಇಳಿಸಿ, ತಳದ ಬಾಯಿಂದ ಕೈ ಹಾಕಿ ಬಾಲ ನೇರ ಮಾಡಿ, ಬಾಯಿಯ ಅಂಚು ಮತ್ತು ಚೌಕಟ್ಟು ಎರಡನ್ನೂ ಮೇಲಿಂದ ಮತ್ತೆ ಹೊಲಿದು, ತಳ ಮುಚ್ಚಿಬಿಡಿ.